ಪಟ್ಟಿಯಿಂದ ತೆಗೆದ ಹೆಸರು

ಭಾಗ್ಯಾ, ಆ ಆಫರ್ ಲೆಟರ್ ಸುಳ್ಳು. ಅದರಲ್ಲಿ ಹೇಳಿದ ಕೆಲಸ ಇರಲೇ ಇಲ್ಲ. ಅದನ್ನು ಬರೆಸಿದವನು ನಾನು — ನಿನಗೆ ನಾಲ್ಕು ವರ್ಷ ಸಿವಿಲ್ ಪಾಠ ಹೇಳಿದ ಮೇಷ್ಟ್ರು.

ನೀನು ಕೊನೆಯ ವರ್ಷದಲ್ಲಿದ್ದಾಗ ನಮ್ಮ ವಿಭಾಗದ ಮಾನ್ಯತೆಯ ಅವಧಿ ಮುಗಿಯುವುದರಲ್ಲಿತ್ತು. ಪರಿಶೀಲನೆಗೆ ಸಮಿತಿ ಬರುವುದಿತ್ತು. ಎಷ್ಟು ಮಕ್ಕಳಿಗೆ ಕೆಲಸ ಸಿಕ್ಕಿದೆ ಎಂದು ಅವರು ಕೇಳಿಯೇ ಕೇಳುತ್ತಾರೆ. ಮೊದಲೇ ಸಿವಿಲ್‌ಗೆ ಸೇರುವವರಿಲ್ಲ. ಮಾನ್ಯತೆಯೂ ಹೋದರೆ ವಿಭಾಗಕ್ಕೆ ಬೀಗ, ಮಕ್ಕಳ ಡಿಗ್ರಿಗೆ ಬೆಲೆಯಿಲ್ಲ, ನನ್ನ ನೌಕರಿ — ಹೌದು, ನನ್ನ ನೌಕರಿಯೇ ಮೊದಲು ನೆನಪಾದದ್ದು.

ಪ್ಲೇಸ್‌ಮೆಂಟ್ ಪಟ್ಟಿ ನನ್ನ ಕೈಯಲ್ಲಿತ್ತು. ಹೊಸದುರ್ಗದಲ್ಲಿ ಕಂಟ್ರಾಕ್ಟರ್ ಆಗಿದ್ದ ನನ್ನ ಷಡ್ಡಕನಿಗೆ ಫೋನ್ ಮಾಡಿದೆ. "ಲೆಟರ್‌ಹೆಡ್ ತಾನೆ? ತಗಂಡೋಗಪ್ಪ. ಆದ್ರೆ ನಮ್ಮತ್ರ ಕೆಲ್ಸ ಎಲ್ಲೈತೆ?" ಎಂದು ನಕ್ಕ. ಐವರ ಹೆಸರಿಗೆ ಪತ್ರ ಬರೆಸಿಕೊಂಡೆ. ನಾಲ್ವರಿಗೆ ಬೇರೆ ದಾರಿ ಇತ್ತು. ಗುಟ್ಟು ಹೇಳಿದಾಗ ನಗುತ್ತಲೇ ಒಪ್ಪಿದರು. ನಿನಗೆ ಮಾತ್ರ ಹೇಳಲಿಲ್ಲ. ಹೇಳಿದ್ದರೆ ನೀನು ಒಪ್ಪುವವಳಲ್ಲ — ಅದು ಗೊತ್ತಿದ್ದೇ ಹೇಳಲಿಲ್ಲ.

ಪತ್ರ ನಿನ್ನ ಕೈಗೆ ಕೊಟ್ಟ ಮರುದಿನವೇ ಗಾರೆ ಕೆಲಸದ ನಿಮ್ಮಪ್ಪ ಹಿರೇಗುಂಟನೂರಿನಿಂದ ಕಾಲೇಜಿಗೆ ಬಂದರು. ಸಿಮೆಂಟಿಗೆ ಬಿರಿದ ಕೈಗಳನ್ನು ಜೋಡಿಸಿ, "ಇಷ್ಟ್ ದಿನ ಇಂಜಿನಿಯರ್ರು ಹೇಳ್ದಂಗೆ ಗ್ವಾಡೆ ಕಟ್ಟಿದೀನಿ ಸಾರ್. ಇನ್ಮ್ಯಾಲೆ ಮಗ್ಳು ಹೇಳ್ದಂಗೆ ಕಟ್ತೀನಿ" ಎಂದರು. ನಾನೂ ಕೈ ಮುಗಿದೆ.

ಹದಿನೈದು ದಿನ ಕಳೆದಿರಲಿಲ್ಲ, ಸೇತುವೆ ಕಟ್ಟುವ ದೊಡ್ಡ ಕಂಪನಿಯೊಂದು ಸಂದರ್ಶನಕ್ಕೆಂದು ನಮ್ಮ ಕಾಲೇಜಿಗೇ ಬಂತು. ಕೆಲಸ ಸಿಕ್ಕವರು ಮತ್ತೊಂದು ಸಂದರ್ಶನಕ್ಕೆ ಕೂರುವಂತಿಲ್ಲ ಎನ್ನುವುದು ಕಾಲೇಜಿನ ನಿಯಮ. ಸಂದರ್ಶನಕ್ಕೆ ಕೂರುವವರ ಪಟ್ಟಿಯಿಂದ ನಿನ್ನ ಹೆಸರನ್ನು ನಾನೇ ತೆಗೆದಿದ್ದೆ. ನೀನು ನನ್ನ ಕೊಠಡಿಗೆ ಬಂದೆ.

"ಸಾರ್, ನಾನೂ ಒಂದ್ಸಲ ಕುಂತು ನೋಡ್ಲಾ? ಸೇತುವೆ ಕೆಲ್ಸ ಅಂದ್ರೆ ನಂಗೆ ಭಾಳ ಆಸೆ."

ಹೂಂ ಎಂದಿದ್ದರೆ ಸಾಕಿತ್ತು. ಸಮಿತಿಗೆ ತೋರಿಸುವ ಹಾಳೆಯಲ್ಲಿ ಒಂದು ಹೆಸರು ಕಡಿಮೆಯಾಗುತ್ತಿತ್ತು, ಅಷ್ಟೇ. ಆದರೆ ಕೆಲಸ ಸಿಕ್ಕವಳನ್ನು ಮತ್ತೆ ಯಾಕೆ ಕೂರಿಸಿದೆ ಎಂದು ಯಾರಾದರೂ ಕೇಳಿದರೆ — ಆ ಪತ್ರ ತೆಗೆದು ನೋಡಿದರೆ —

"ನಿಂಗಾಗ್ಲೇ ಕೆಲ್ಸ ಆಗೈತಲ್ಲಮ್ಮ. ಬೇರೆಯವ್ರ ಅನ್ನ ಯಾಕೆ ಕಸ್ಕಂತೀಯ?"

ನಿನ್ನ ಮುಖ ಸಣ್ಣಗಾಯಿತು. "ತಪ್ಪಾಯ್ತು ಸಾರ್" ಎಂದು ಹೊರಟುಹೋದೆ. ತಪ್ಪಾಯ್ತು ಎಂದವಳು ನೀನು! ಥೂ ನನ್ನ ಜನ್ಮಕ್ಕೆ. ಆ ದಿನ ಕಂಪನಿ ಮೂವರನ್ನು ತೆಗೆದುಕೊಂಡಿತು. ಮೂವರೂ ಓದಿನಲ್ಲಿ ನಿನಗಿಂತ ಹಿಂದಿದ್ದವರು.

ಸಮಿತಿ ಬಂದಾಗ ನಿನ್ನನ್ನೇ ಮುಂದಿನ ಸಾಲಿನಲ್ಲಿ ಕೂರಿಸಿದೆ. ಕೆಲಸ ಸಿಕ್ಕಿದೆಯೇ ಎಂದು ಕೇಳಿದರು. "ಸಿಕ್ಕೈತೆ ಸಾರ್" ಎಂದು ನೀನು ಹೆಮ್ಮೆಯಿಂದ ಹೇಳಿದೆ. ನಿನ್ನ ದನಿಯಲ್ಲಿ ಸುಳ್ಳಿರಲಿಲ್ಲ, ಅವರು ನಂಬಿದರು. ಮಾನ್ಯತೆ ಬಂತು, ಪೇಡೆ ಹಂಚಿದೆವು. ನೀನು ಪರೀಕ್ಷೆ ಮುಗಿಸಿ ಹೊಸದುರ್ಗಕ್ಕೆ ಅಲೆಯತೊಡಗಿದೆ. "ಕಾಮಗಾರಿ ಮಂಜೂರಾಗ್ಲಿ ತಡಿಯಮ್ಮ" ಎಂದು ಷಡ್ಡಕ ಒಂದು ವರ್ಷ ಸಾಗಹಾಕಿದ. ನೀನು ನನಗೂ ಫೋನ್ ಮಾಡುತ್ತಿದ್ದೆ. ಆಮೇಲಾಮೇಲೆ ನಾನು ಎತ್ತುವುದನ್ನೇ ಬಿಟ್ಟೆ.

ಹೋದ ವಾರ ಭರಮಸಾಗರದ ಸಿಮೆಂಟ್ ಅಂಗಡಿಗೆ ಹೋದರೆ ಕೌಂಟರಿನಲ್ಲಿದ್ದವಳು ನೀನು. ನನ್ನನ್ನು ಕಂಡು ಎದ್ದು ನಿಂತೆ. "ಬರ್ರಿ ಸಾರ್, ಕುಂತ್ಕಳ್ರಿ" ಎಂದು ಚಹಾ ತರಿಸಿದೆ. ಮಾಲೀಕರ ಕಡೆ ತಿರುಗಿ, "ನಂಗೆ ಕೆಲ್ಸ ಕೊಡ್ಸಿದ ಸಾರ್ ಇವ್ರೇ. ಆ ಕಂಟ್ರಾಕ್ಟ್ರು ಕೈ ಕೊಟ್ಟ, ಸಾರ್ ಏನ್ ಮಾಡ್ತಾರೆ ಪಾಪ" ಎಂದೆ. ಇಷ್ಟು ವರ್ಷವೂ ಹಾಗೆಯೇ ನಂಬಿದ್ದೀಯಲ್ಲ — ಆಗಲಾದರೂ ಹೇಳಬಹುದಿತ್ತು. ಚಹಾ ಕುಡಿದು, ಬರ್ತೀನಮ್ಮ ಎಂದು ಎದ್ದು ಬಂದೆ.

ಇದನ್ನೆಲ್ಲ ಬರೆದು ಪ್ರಾಂಶುಪಾಲರಿಗೂ ಕೊಟ್ಟಿದ್ದೇನೆ. ಅವರು ಏನು ಮಾಡುತ್ತಾರೋ ಮಾಡಲಿ. ನೀನು ಕ್ಷಮಿಸಬೇಕಿಲ್ಲ. ಭಾನುವಾರ ನಿಮ್ಮೂರಿಗೆ ಬರುತ್ತೇನೆ. ನಿಮ್ಮಪ್ಪ ಮನೆಯಲ್ಲಿರಲಿ. ನಿಮ್ಮ ಮಗಳಿಗೆ ಕೈ ಕೊಟ್ಟವನು ಆ ಕಂಟ್ರಾಕ್ಟರ್ ಅಲ್ಲ, ನಾನು ಎಂದು ಅವರೆದುರಿಗೆ ನಿಂತು ಹೇಳಬೇಕು.