ನನ್ನನ್ನು ಪ್ರಾರ್ಥನೆಗೆ ಎಬ್ಬಿಸಿದವರು

ನಾನು ಸುಳ್ಳು ಸಾಕ್ಷಿ ಹೇಳಿದ್ದೇನೆ. ಕೋರ್ಟಿನಲ್ಲಿ ಅಲ್ಲ — ನಮ್ಮ ಕ್ರೈಸ್ತ ದೇವಾಲಯದಲ್ಲಿ, ಸಭೆಯ ಎದುರು, ಕಣ್ಣಲ್ಲಿ ನೀರು ತುಂಬಿಕೊಂಡು. ಒಂದು ಸಲ ಹೇಳಿ ಬಿಟ್ಟದ್ದೂ ಅಲ್ಲ, ಇಪ್ಪತ್ತು ವರ್ಷ ಅದನ್ನೇ ಹೇಳಿದೆ. ಸಿಡುಬು ಎದ್ದು ದಾರಿಯಲ್ಲಿ ಬಿದ್ದಿದ್ದ ನನ್ನನ್ನು ನಮ್ಮ ಸಭೆಯ ಹಿರಿಯರೊಬ್ಬರು ಮನೆಗೆ ಸೇರಿಸಿಕೊಂಡು ಬದುಕಿಸಿದರು, ದಿನಾ ಬೆಳಿಗ್ಗೆ ಎಬ್ಬಿಸಿ ಪ್ರಾರ್ಥನೆಗೆ ಕೂರಿಸಿದರು ಎಂಬ ಆ ಕಥೆ ಕೇಳದವರು ನಮ್ಮ ಸಭೆಯಲ್ಲಿ ಯಾರೂ ಇಲ್ಲ. ಸಿಡುಬು ನಿಜ, ನನ್ನ ಮುಖ ನೋಡಿದರೆ ಗೊತ್ತಾಗುತ್ತದೆ. ಪ್ರಾರ್ಥನೆಯೂ ನಿಜ. ಮನೆ ಮಾತ್ರ ಬೇರೆ.

ಆಗ ನಾನು ಮಿಶನಿನ ಪುಸ್ತಕ ಮಾರುವವ. ಹೆಗಲಲ್ಲಿ ಸುವಾರ್ತೆಗಳ ಗಂಟು, ಕಾಲಿಗೆ ಊರೂರಿನ ಧೂಳು. ಬಾಯಿಗಂತೂ ನನಗೆ ಯಾವತ್ತೂ ಕೊರತೆ ಇರಲಿಲ್ಲ. ಸಂತೆಯಲ್ಲಿ ನಿಂತು ಮಾತಿಗೆ ತೊಡಗಿದರೆ ಮೀನು ಮಾರುವ ಹೆಂಗಸರೂ ಬುಟ್ಟಿ ಇಳಿಸಿ ಕೇಳುತ್ತಿದ್ದರು. ಆದರೆ ಒಳಗೆ... ಹೇಗೆ ಹೇಳಲಿ? ಬೆಲ್ಲದ ಅಂಗಡಿಯವನಿಗೆ ಬೆಲ್ಲ ಬೇಡವಾಗುತ್ತದಲ್ಲ, ಹಾಗಾಗಿತ್ತು ನನಗೆ. ಯಾರೂ ನೋಡದಾಗ ಮೊಣಕಾಲೂರಿ ಪ್ರಾರ್ಥಿಸಿ ಎಷ್ಟು ಕಾಲವಾಗಿತ್ತೋ. ಪಾದ್ರಿಗಳಿಗೆ ಅದು ಗೊತ್ತಿರಲಿಲ್ಲ, ನಾನೂ ಹೇಳಲಿಲ್ಲ.

ಒಂದು ಬೇಸಗೆಯಲ್ಲಿ ಮೂಡುಬಿದಿರೆ ಕಡೆಯ ತಿರುಗಾಟ ಮುಗಿಸಿ ಮಿಶನ್ ಇದ್ದ ಬಲ್ಮಠಕ್ಕೆ ನಡೆದು ಬರುತ್ತಿದ್ದೆ. ಮೈಯಲ್ಲಿ ಮೂರು ದಿನದ ಜ್ವರ. ನಂತೂರು ಮುಟ್ಟುವ ಹೊತ್ತಿಗೆ ಮುಖದ ಮೇಲೆ ಗುಳ್ಳೆ ಎದ್ದಿತ್ತು. ಆಗಿನ ನಂತೂರು ಎಂದರೆ ಬರೀ ಗುಡ್ಡ, ಅಲ್ಲೊಂದು ಇಲ್ಲೊಂದು ಮನೆ. ಅದರಲ್ಲಿ ಒಂದು ನಮ್ಮ ಹಿರಿಯರದ್ದು. ನಮ್ಮವರ ಮನೆ ಸಿಕ್ಕಿತಲ್ಲ, ಇನ್ನು ಬದುಕಿದೆ ಎಂದುಕೊಂಡು ಜಗಲಿ ಹತ್ತಿದೆ. ಹಿರಿಯರು ಕಿಟಕಿಯಿಂದಲೇ ನನ್ನ ಮುಖ ನೋಡಿದರು.

“ಇಲ್ಲಿ ಸಣ್ಣ ಮಕ್ಕಳು ಉಂಟು. ಕೆಳಗೆ ಇಳೀರಿ, ದಮ್ಮಯ್ಯ. ನಾವು ನಿಮಗೋಸ್ಕರ ಪ್ರಾರ್ಥನೆ ಮಾಡ್ತೇವೆ.”

ಕಿಟಕಿ ಮುಚ್ಚಿತು. ಅವರ ಮೇಲೆ ತಪ್ಪು ಹೊರಿಸಲು ಇದನ್ನು ಬರೆಯುತ್ತಿಲ್ಲ. ಮಕ್ಕಳು ಇದ್ದದ್ದು ಹೌದು; ಅವರ ಜಾಗದಲ್ಲಿ ನಾನಿದ್ದರೆ ಬಹುಶಃ ಪ್ರಾರ್ಥನೆಯ ಮಾತನ್ನೂ ಆಡುತ್ತಿರಲಿಲ್ಲ.

ರಸ್ತೆ ಬದಿಯಲ್ಲಿ ಬಿದ್ದುಕೊಂಡಿದ್ದ ನನ್ನ ಹತ್ತಿರ ಒಂದು ಎತ್ತಿನ ಗಾಡಿ ನಿಂತಿತು. ಬಂದರಿಗೆ ಸೌದೆ ಹೇರಿಕೊಂಡು ಹೋಗುತ್ತಿದ್ದ ಬ್ಯಾರಿ ಯುವಕ, ಹೆಸರು ಇಬ್ರಾಹಿಂ. ಅವನ ಮುಖದ ತುಂಬ ಹಳೆಯ ಸಿಡುಬಿನ ಕಲೆ. ಅರ್ಧ ಸೌದೆಯನ್ನು ಅಲ್ಲೇ ಇಳಿಸಿ ನನಗೆ ಜಾಗ ಮಾಡಿದ. ಬೇಡ, ನಿನಗೂ ತಾಗುತ್ತದೆ ಎಂದೆ.

“ನನಗೂ ಉಮ್ಮನಿಗೂ ಇದು ಬಂದು ಹೋಗಿದೆ ಮಾರಾಯ್ರೆ. ಇನ್ನು ನಮಗೆ ಎಂತ ಮಾಡ್ತದೆ?”

ಉಮ್ಮ ಎಂದರೆ ಅವನ ತಾಯಿ, ಐಸಮ್ಮ. ಬಂದರಿನ ಹಿಂದೆ ಅವರದು ಒಂದೇ ಕೋಣೆಯ ಮನೆ. ಆ ಕೋಣೆಯನ್ನು ನನಗೆ ಬಿಟ್ಟು ಮಗ ಜಗಲಿಗೆ ಹೋದ, ತಾಯಿ ಒಲೆಯ ಪಕ್ಕಕ್ಕೆ ಹೋದರು. ಬಾಳೆಎಲೆ ಹಾಸಿ ಮಲಗಿಸಿದರು. ಕೆರೆದುಕೊಳ್ಳದಂತೆ ನನ್ನ ಎರಡು ಕೈಗೂ ಬಟ್ಟೆ ಸುತ್ತಿದರು. ಗಂಜಿಯ ತಿಳಿಯನ್ನು ಚಮಚದಲ್ಲಿ ಬಾಯಿಗೆ ಬಿಟ್ಟರು, ಉಗುಳಿದರೆ ಬೈದರು, ಬೈದು ಮತ್ತೆ ಬಿಟ್ಟರು. ತಾಯಿಯ ಮುಖ ನೆನಪಿಲ್ಲದ ನನಗೆ ಆ ಬೈಗುಳ ಎಷ್ಟು ಹಿತವಾಗಿತ್ತು ಎಂದು ಈಗಲೂ ಬರೆಯಲಾಗುವುದಿಲ್ಲ.

ನನ್ನ ಪುಸ್ತಕದ ಗಂಟನ್ನು ಅವರು ಮನೆಯ ಎಲ್ಲಕ್ಕಿಂತ ಮೇಲಿನ ಹಲಗೆಯಲ್ಲಿ ಇಟ್ಟರು. ದೇವರ ಮಾತು ಇರುವುದನ್ನು ನೆಲದಲ್ಲಿ ಇಡಬಾರದಂತೆ. ಆ ಗಂಟನ್ನು ನಾನು ಎಷ್ಟೋ ಕಡೆ ತಲೆದಿಂಬು ಮಾಡಿಕೊಂಡು ಮಲಗಿದವ. ಆಮೇಲೆ ಹತ್ತಿರ ಬಂದು ಕೇಳಿದರು:

“ಮೋನೆ, ನಿನ್ನ ಪ್ರಾರ್ಥನೆ ಯಾವ ಹೊತ್ತಿಗೆ? ಜ್ವರದಲ್ಲಿ ನಿನಗೆ ಹೊತ್ತು ಗೊತ್ತಾಗುದಿಲ್ಲ. ಹೇಳು, ನಾನು ಎಬ್ಬಿಸ್ತೇನೆ.”

ಮೋನೆ ಎಂದರೆ ಮಗನೇ ಎಂದು. ನಾನು ಏನು ಹೇಳಲಿ — ನನಗೆ ಅಂಥ ಹೊತ್ತೇ ಇಲ್ಲ ಎನ್ನಲೇ? “ಬೆಳಿಗ್ಗೆ” ಎಂದುಬಿಟ್ಟೆ.

ಮರುದಿನದಿಂದ ಅವರು ತಪ್ಪಿಸಲಿಲ್ಲ. ತಮ್ಮ ನಮಾಜು ಮುಗಿಸಿ ಬಂದು, “ಏಳು ಮೋನೆ, ನಿನ್ನ ಪ್ರಾರ್ಥನೆ ಉಂಟು” ಎನ್ನುವರು. ಬೆನ್ನಿಗೆ ಕೈಕೊಟ್ಟು ಕೂರಿಸುವರು. ನನಗೆ ತೊಂದರೆಯಾಗಬಾರದೆಂದು ಬಾಗಿಲು ಎಳೆದುಕೊಂಡು ಹೊರಗೆ ಹೋಗುವರು. ಮೊದಲ ದಿನಗಳಲ್ಲಿ ನಾನು ಸುಮ್ಮನೆ ಕಣ್ಣು ಮುಚ್ಚಿ ಕೂತು ಮೋಸ ಮಾಡಿದೆ. ಆ ಮುದುಕಿ ಹೊರಗೆ ಕಾಯುತ್ತಿದ್ದಾರಲ್ಲ ಎಂದು ನಾಚಿಕೆಯಾಗುತ್ತಿತ್ತು. ಐದನೆಯ ದಿನವೋ ಆರನೆಯ ದಿನವೋ — ಮಾತು ತಾನಾಗಿ ಬಂತು. ಸಂತೆಯ ಮಾತಲ್ಲ, ಯಾರಿಗೂ ಕೇಳಿಸಲೆಂದು ಆಡಿದ್ದಲ್ಲ. ಕರ್ತನೇ ಎಂದೆ, ಮುಂದೆ ಅಳು ಬಂತು. ನಾನು ಊರೂರು ಹೊತ್ತು ಮಾರಿದ ಕ್ರಿಸ್ತನ ಪ್ರೀತಿ ನನಗೆ ಸಿಕ್ಕಿದ್ದು ಆ ಬ್ಯಾರಿ ಮನೆಯಲ್ಲಿ. ಹಾಗೆಂದು ಐಸಮ್ಮನಿಗೆ ಹೇಳಿದ್ದರೆ, ಇವನಿಗೆ ಜ್ವರ ತಲೆಗೇರಿದೆ ಎನ್ನುತ್ತಿದ್ದರು. ಆದರೆ ನನ್ನ ಮಟ್ಟಿಗೆ ಅದು ಸತ್ಯ.

ಗುಣವಾಗಿ ಬಂದ ಮೇಲೆ ಪಾದ್ರಿಗಳು, ನಡೆದದ್ದನ್ನು ಬರೆದುಕೊಡು, ಆದಿತ್ಯವಾರ ಸಭೆಯಲ್ಲಿ ನೀನೇ ಓದು ಎಂದರು. ಉಪದೇಶಿಯ ಖಾಯಂ ಕೆಲಸ ಒಂದು ಖಾಲಿ ಇತ್ತು. ಅದಕ್ಕೆ ನಂತೂರಿನ ಆ ಹಿರಿಯರು ಒಪ್ಪಬೇಕಿತ್ತು. ಅವರು ನನ್ನ ಹತ್ತಿರ ಏನೂ ಕೇಳಲಿಲ್ಲ. ನಾನೇ — ಮುಚ್ಚಿದ್ದ ಆ ಕಿಟಕಿಯನ್ನು ಬರೆಯಲು ಹೆದರಿ, ಕಾಗದದ ಮೇಲೆ ಬಾಗಿಲು ತೆರೆದುಬಿಟ್ಟೆ. ಬಾಗಿಲು ತೆರೆದ ಮೇಲೆ ಉಳಿದದ್ದೆಲ್ಲ ಆ ಮನೆಗೇ ಹೋಯಿತು: ಗಂಜಿ, ಕೈಗೆ ಸುತ್ತಿದ ಬಟ್ಟೆ, ಬೆಳಗಿನ ಎಬ್ಬಿಸುವಿಕೆ.

ಓದುವಾಗ ಹಿರಿಯರು ತಲೆ ಎತ್ತಲಿಲ್ಲ. ಎಂಥ ವಿನಯ ಎಂದು ಜನ ಮೆಚ್ಚಿದರು. ಹೆಂಗಸರು ಕಣ್ಣೊರಸಿಕೊಂಡರು. ನಾನೂ ಒರಸಿಕೊಂಡು ಬಾಗಿಲ ಕಡೆ ನೋಡಿದರೆ, ಹೊರಗಿನ ಮೆಟ್ಟಿಲ ಮೇಲೆ ಇಬ್ರಾಹಿಂ ನಿಂತಿದ್ದ. ನಾನು ಬಿಟ್ಟುಬಂದಿದ್ದ ಪುಸ್ತಕದ ಗಂಟು ಅವನ ಎರಡೂ ಕೈಯಲ್ಲಿತ್ತು. ಅವನಿಗೆ ಕನ್ನಡ ಚೆನ್ನಾಗಿ ತಿಳಿಯುತ್ತಿತ್ತು.

ಆರಾಧನೆ ಮುಗಿದ ಮೇಲೆ ಗಂಟು ಕೊಟ್ಟ. “ಉಮ್ಮ ಕಳಿಸಿದ್ದು. ನೀವು ಹೇಗಿದ್ದೀರಿ ಅಂತ ಕೇಳ್ಳಿಕ್ಕೆ ಹೇಳಿದ್ರು. ನಾನು ಹೋಗಿ ಎಂತ ಹೇಳುದು?”

“ಗುಣ ಆಗಿದೆ ಅಂತ ಹೇಳು.”

“ಅಷ್ಟೇನಾ?”

ಹಿರಿಯರು ಹತ್ತಿರದಲ್ಲೇ ನಿಂತಿದ್ದರು. “ಅಷ್ಟೆ” ಎಂದೆ.

ಕೆಲಸ ಸಿಕ್ಕಿತು. ಆಮೇಲೆ ನಾನು ಬಂದರಿನ ದಾರಿ ಹಿಡಿಯಲಿಲ್ಲ. ಹೋಗಬೇಕಾದರೆ ಸುತ್ತಿ ಹೋದೆ. ದಿನಾ ಬೆಳಿಗ್ಗೆ ಎದ್ದಾಗ ಮೊದಲು ಆ ತಾಯಿ-ಮಗನಿಗಾಗಿ ದೇವರಿಗೆ ಸ್ತೋತ್ರ ಹೇಳಿದ್ದೇನೆ. ಇದರಲ್ಲಿ ಸುಳ್ಳಿಲ್ಲ. ಆದರೆ ಯಾರಿಗೂ ಕೇಳಿಸದ ಹಾಗೆ ಹೇಳಿದ್ದೇನೆ.

ಹಿರಿಯರು ತೀರಿಹೋಗಿ ವರ್ಷವಾಯಿತು. ಹೋದ ವಾರ ಐಸಮ್ಮನೂ ತೀರಿಕೊಂಡರೆಂದು ಕೇಳಿದೆ. ಆಗ ಹೋದೆ — ಆಗ! ಇಬ್ರಾಹಿಂನ ಗಡ್ಡ ನೆರೆತಿದೆ. ನನ್ನನ್ನು ನೋಡಿ ಚಾಪೆ ಹಾಸಿದ. ನಾನು ಎಲ್ಲ ಹೇಳಿ, ಉಮ್ಮನಿಗೆ ಆ ದಿನ ನೀನು ಏನು ಹೇಳಿದೆ ಎಂದು ಕೇಳಿದೆ.

“ನೀವು ನಿಮ್ಮ ದೇವಾಲಯದಲ್ಲಿ ಎಲ್ಲರ ಎದುರು ಉಮ್ಮನ ಹೆಸರು ಹೇಳಿದ್ರಿ ಅಂತ ಹೇಳಿದೆ,” ಎಂದ. “ಬೇರೆ ಎಂತ ಹೇಳುದು? ತುಂಬ ಕುಶಿ ಆಯ್ತು ಅವರಿಗೆ. ಮನೆಗೆ ಬಂದವರಿಗೆಲ್ಲ ಅದನ್ನೇ ಹೇಳ್ತಿದ್ರು, ಸಾಯುವವರೆಗೂ.”

ಅವನ ಮಾತಿನಲ್ಲಿ ಕೋಪ ಇರಲಿಲ್ಲ. ಇದ್ದಿದ್ದರೆ ನನಗೆ ಎದ್ದು ಬರುವುದು ಸುಲಭವಾಗುತ್ತಿತ್ತು.

ಈ ಆದಿತ್ಯವಾರ ನನಗೆ ಮಾತಾಡಲು ಸಮಯ ಕೇಳಿದ್ದೇನೆ. ಹಿರಿಯರ ಮಕ್ಕಳು ಎದುರಿನ ಬೆಂಚಿನಲ್ಲೇ ಇರುತ್ತಾರೆ. ಅವರ ತಂದೆಯದು ಹೆದರಿಕೆ, ಸುಳ್ಳು ನನ್ನದು ಎಂದು ಅವರಿಗೆ ಕೇಳುವಂತೆ ಹೇಳುತ್ತೇನೆ. ಇಬ್ರಾಹಿಂನನ್ನು ಕರೆದಿದ್ದೇನೆ, ಬರುತ್ತಾನೋ ಇಲ್ಲವೋ. ಐಸಮ್ಮನ ಹೆಸರನ್ನು ಮೊದಲು ಹೇಳುತ್ತೇನೆ, ದೊಡ್ಡ ಸ್ವರದಲ್ಲಿ. ಅದು ಹೇಳಿದ ಮೇಲೆ ಸಭೆ ನನ್ನನ್ನು ಇಟ್ಟುಕೊಳ್ಳಲಿ, ಬಿಡಲಿ.