ಮೊಳೆ ಅತ್ತೆಯ ಕುರ್ಚಿ ಕೊಟ್ಟಿಗೆ

ನನ್ನ ಸೋದರತ್ತೆ, ಅಂದರೆ ಅಪ್ಪನ ಅಕ್ಕ, ಬಾಯಲ್ಲಿ ಮೊಳೆ ಕಚ್ಚಿಕೊಂಡೇ ಅರ್ಧ ಆಯುಷ್ಯ ಕಳೆದವಳು. ಬಡಗಿ ಕೆಲಸದವರು ಎರಡೂ ಕೈ ಬಿಡುವಾಗಿರಲೆಂದು ಮೊಳೆಗಳನ್ನು ತುಟಿಗಳ ನಡುವೆ ಇಟ್ಟುಕೊಳ್ಳುವುದುಂಟು. ಆದರೆ ಕೆಲಸ ಮುಗಿದ ಮೇಲೆ ತೆಗೆಯುತ್ತಾರೆ. ಅತ್ತೆ ತೆಗೆಯುತ್ತಿರಲಿಲ್ಲ. ಅಂಗಡಿಗೆ ಹೊರಟರೂ ಎರಡು ಮೊಳೆ ಬಾಯಲ್ಲೇ. ಅದಕ್ಕೇ ಅವಳು ಎಲ್ಲರಿಗೂ ಮೊಳೆ ಅತ್ತೆ. ಮೊಳೆ ಒಳಗಿರುವ ತನಕ ಊರು ಕ್ಷೇಮ. ಹೊರಗೆ ಬಂತೆಂದರೆ ಯಾರದೋ ಗ್ರಹಚಾರ ಕೆಟ್ಟಿತು ಅಂತಲೇ ಅರ್ಥ. ಮಾವ ತೀರಿಕೊಂಡ ವರ್ಷ ಈ ಅಭ್ಯಾಸ ಶುರುವಾಯಿತು ಎಂದು ಅಪ್ಪ ಹೇಳುತ್ತಿದ್ದ. ಯಾಕೆ ಅಂತ ಅವನಿಗೂ ಗೊತ್ತಿರಲಿಲ್ಲ.

ನಮ್ಮ ಕಡೆ ಹಳ್ಳಿಗಳು ದಿಣ್ಣೆಗೊಂದರಂತೆ ಚದುರಿಕೊಂಡಿವೆ. ವಸತಿ ಸಂಘದವರು ಅಲ್ಲೆಲ್ಲ ಪುಟ್ಟ ಮನೆಗಳನ್ನು ಕಟ್ಟಿಸಿ, ಮನೆಯಿಲ್ಲದವರಿಗೆ ಕಡಿಮೆ ಬಾಡಿಗೆಗೆ ಕೊಟ್ಟರು. ಮನೆಯೇನೋ ಸಿಕ್ಕಿತು, ಒಳಗೆ ಕೂರುವುದು ಯಾವುದರ ಮೇಲೆ? ಅತ್ತೆ ಮೊಳೆ ತೆಗೆದು ಹೀಗೆ ಕೇಳಿದ್ದರಿಂದಲೇ ಕೊಟ್ಟಿಗೆ ಹುಟ್ಟಿತು. ಮುಚ್ಚಿಹೋದ ಮರದ ಮಿಲ್ಲಿನ ಉದ್ದನೆಯ ಶೆಡ್ಡೊಂದು ಸಂಘದ ಕೈಯಲ್ಲಿತ್ತು. ಪಟ್ಟಣದವರು ಬೇಡವೆಂದು ಎಸೆದ ಕುರ್ಚಿ, ಮೇಜು, ಮಂಚಗಳನ್ನು ಸಂಘದ ವ್ಯಾನು ಅಲ್ಲಿಗೆ ಹೊತ್ತು ತರುತ್ತಿತ್ತು. ಅತ್ತೆಯೂ ಹಳ್ಳಿಯ ಏಳೆಂಟು ಹೆಂಗಸರೂ ಅವನ್ನು ಬಿಚ್ಚಿ, ಕೆರೆದು, ಅಂಟು ಹಾಕಿ ಮತ್ತೆ ನಿಲ್ಲಿಸುತ್ತಿದ್ದರು. ಹೊಸದಾಗಿ ಮನೆಗೆ ಬಂದವರಿಗೆ ಒಂದು ಮೇಜು, ಎರಡು ಕುರ್ಚಿ ಪುಕ್ಕಟೆ. ಮಿಕ್ಕದ್ದು ಮಾರಾಟಕ್ಕೆ. ಅದರಲ್ಲಿ ಹೆಂಗಸರ ಸಂಬಳ ಹೊರಡುತ್ತಿತ್ತು. ಅದೇ ವ್ಯಾನು ಉಳಿದ ದಿನಗಳಲ್ಲಿ ದಿಣ್ಣೆಯವರನ್ನು ಆಸ್ಪತ್ರೆಗೂ ಮಕ್ಕಳನ್ನು ಶಾಲೆಗೂ ಒಯ್ಯುತ್ತಿತ್ತು. ಕೊಟ್ಟಿಗೆ ಎಂಬ ಹೆಸರೂ ಅತ್ತೆಯದೇ. ನಾಲ್ಕು ಕಾಲಿನವನ್ನು ಕಟ್ಟುವ ಜಾಗಕ್ಕೆ ಇನ್ನೇನನ್ನಬೇಕು ಅಂತ ಅವಳ ವಾದ.

ನಾನು ಅಲ್ಲಿಗೆ ಸೇರುವಾಗ ಎರಡು ಮಕ್ಕಳ ತಾಯಿ. ಬೆಳಗ್ಗೆ ಬಾಗಿಲು ತೆರೆದರೆ ಮರದ ಪುಡಿ ಮತ್ತು ವಾರ್ನಿಷ್ ಸೇರಿದ ವಾಸನೆ ಮುಖಕ್ಕೆ ಬಡಿಯುತ್ತಿತ್ತು. ಈಗಲೂ ಎಲ್ಲಾದರೂ ಆ ವಾಸನೆ ಬಂದರೆ ನನ್ನ ಕಾಲು ತಾನಾಗಿ ನಿಲ್ಲುತ್ತದೆ. ಸಿದ್ಧವಾದ ಪ್ರತಿ ಕುರ್ಚಿಯ ಮೇಲೂ ಅತ್ತೆ ಕೂತು, ಹಿಂದೆ ಮುಂದೆ ಅಲ್ಲಾಡುತ್ತಿದ್ದಳು. ಕಿರ್ ಅಂದರೆ ವಾಪಸ್ಸು.

"ಕುರ್ಚಿ ಮಾತಾಡ್ಬಾರ್ದು ಕಣೆ. ಅದೂ ಮಾತಾಡಿದ್ರೆ ಕೂತೋರು ಮಾತಾಡೋದು ಯಾವಾಗ?"

ಇಷ್ಟು ಹೇಳುವವಳ ಮನೆಯಲ್ಲಿ ಇದ್ದದ್ದು ಒಂದೇ ಕುರ್ಚಿ, ಅದರ ಒಂದು ಕಾಲು ಗಿಡ್ಡ, ಅಡಿಯಲ್ಲಿ ಮಡಚಿಟ್ಟ ರಟ್ಟು. ದೀಪದ ಬುಡ ಕತ್ತಲೆ ಅಂತ ನಾವೆಲ್ಲ ಆಡಿಕೊಂಡು ನಗುತ್ತಿದ್ದೆವು. ಮಾವ ಮಾಡಿದ ಮೊದಲನೇ ಕುರ್ಚಿ ಅದು. ಅದನ್ನು ಮುಟ್ಟಲು ಯಾರಿಗೂ ಬಿಡುತ್ತಿರಲಿಲ್ಲ.

"ನನ್ ಕೈ ನಡುಗೋಕೆ ಶುರುವಾದ ದಿನ ಕೊಟ್ಟಿಗೆ ಬೀಗದ ಕೈ ನಿಂದು" ಎಂದು ಅತ್ತೆ ನನಗೆ ಮಾತು ಕೊಟ್ಟಿದ್ದಳು. ನನಗೆ ಬದುಕಿನಲ್ಲಿ ಬೇಕಾಗಿದ್ದದ್ದೂ ಅದೊಂದೇ.

ಆಮೇಲೆ ಪ್ಲಾಸ್ಟಿಕ್ ಕುರ್ಚಿಗಳು ಬಂದವು. ಮೂರು ಕಾಸಿಗೆ ಸಿಗುವವು, ಹಗುರ, ಎತ್ತಿ ಎಸೆದರೂ ಸದ್ದಿಲ್ಲ. ನಮ್ಮ ಮಾರಾಟ ಇಳಿಯಿತು. ಹೆಂಗಸರು ಒಬ್ಬೊಬ್ಬರಾಗಿ ಬಿಟ್ಟು ಹೋಗಿ ಕೊನೆಗೆ ಉಳಿದದ್ದು ನಾವಿಬ್ಬರೇ. ಸಂಘದ ಅಧ್ಯಕ್ಷರು ಅಂಚೆಯಣ್ಣ; ಮೊದಲು ಅಂಚೆ ಹಂಚುತ್ತಿದ್ದವರು, ಒಳ್ಳೆಯವರೇ, ಯಾರಿಗೂ ಕೆಟ್ಟ ಸುದ್ದಿ ಹೇಳಲು ಬಾಯಿ ಬರದವರು. ಅಂಥವರು ಒಂದು ದಿನ ಕೊಟ್ಟಿಗೆಗೆ ಬಂದು, ನನ್ನ ಮುಖ ನೋಡದೆ ಹೇಳಿದರು, "ಸಿಮೆಂಟ್ ಅಂಗಡಿಯವರು ಈ ಶೆಡ್ಡು ಗೋದಾಮಿಗೆ ಕೇಳ್ತಿದ್ದಾರೆ. ಒಳ್ಳೇ ಬಾಡಿಗೆ. ಮೇಲಿನ ದಿಣ್ಣೆ ಮನೆಗಳೆಲ್ಲ ಸೋರ್ತಿವೆ, ವ್ಯಾನೂ ಓಡ್ಬೇಕು. ಸಭೆ ಏನನ್ನುತ್ತೋ ನೋಡೋಣ."

ಅತ್ತೆ ಕೈಯಲ್ಲಿದ್ದ ಕುರ್ಚಿಯ ಕಾಲನ್ನು ಕೆರೆಯುತ್ತಲೇ ಇದ್ದಳು. ಮೊಳೆ ಬಾಯಲ್ಲೇ ಇತ್ತು.

ಸಭೆಗೆ ಮುಂಚಿನ ವಾರ ಮೇಲಿನ ದಿಣ್ಣೆಯ ದರ್ಜಿ ಮಂಚದ ಕಾಲು ಮುರಿದಿದೆ ಎಂದು ಹೇಳಿ ಕಳಿಸಿದ. ಇಬ್ಬರೂ ಹೋದೆವು. ಮಂಚದ ಮೇಲೆ ನೀರು ತುಂಬಿದ ಬಕೆಟ್ಟು. ಸೂರಿನಿಂದ ಹನಿ ಬೀಳುವುದು ಅಲ್ಲಿಗೇ. ನೆನೆದು ಕೊಳೆತೇ ಕಾಲು ಮುರಿದದ್ದು. ಹೊಲಿಗೆ ಯಂತ್ರಕ್ಕೆ ಪ್ಲಾಸ್ಟಿಕ್ ಹಾಳೆ ಹೊದಿಸಿದ್ದ. ಮಗು ಮೇಜಿನ ಕೆಳಗೆ ಮಲಗಿತ್ತು, ನಮ್ಮದೇ ಮೇಜು. ಅತ್ತೆ ಮಂಚಕ್ಕೆ ಹೊಸ ಕಾಲು ಕೂರಿಸಿ, ಸ್ವಲ್ಪ ಹೊತ್ತು ಆ ಮೇಜನ್ನೇ ನೋಡಿ ಹೊರಟಳು.

ನಮ್ಮ ಸಂಘದ ಸಭೆಯದೇ ಒಂದು ಪದ್ಧತಿ. ಸಭಾಂಗಣದಲ್ಲಿ ಕುರ್ಚಿಗಳಿಲ್ಲ, ಪ್ರತಿ ಮನೆಯವರೂ ತಮ್ಮ ಕುರ್ಚಿ ತಾವೇ ಹೊತ್ತು ತರಬೇಕು. ಒಪ್ಪಿಗೆಯಿದ್ದವರು ಎದ್ದು ನಿಲ್ಲಬೇಕು, ಇಲ್ಲದವರು ಕೂತಿರಬೇಕು. ಹೀಗಾಗಿ ನಮ್ಮಲ್ಲಿ ಸೋಮಾರಿಗಳ ಮತ ಯಾವಾಗಲೂ 'ಬೇಡ'ದ ಕಡೆಗೇ. ಆ ಸಲ ದಿಣ್ಣೆಗಳಿಂದ ಜನ ಕುರ್ಚಿಗಳನ್ನು ತಲೆಯ ಮೇಲೆ ಹೊತ್ತು ಇಳಿದು ಬಂದದ್ದನ್ನು ನೋಡಿ ನನಗೆ ಧೈರ್ಯ ಬಂತು. ಒಂದೂ ಪ್ಲಾಸ್ಟಿಕ್ಕಿನದಿಲ್ಲ, ಎಲ್ಲ ನಮ್ಮ ಕೊಟ್ಟಿಗೆಯವೇ. ಇವುಗಳ ಮೇಲೆ ಕೂತುಕೊಂಡು ಕೊಟ್ಟಿಗೆ ಮುಚ್ಚಿ ಅನ್ನಲು ಯಾರಿಗೆ ಮನಸ್ಸು ಬಂದೀತು?

ಅಂಚೆಯಣ್ಣ ಸೋರುವ ಮನೆಗಳ ವಿಷಯ ಹೇಳಿದರು, ಗೋದಾಮಿನ ಬಾಡಿಗೆಯ ವಿಷಯ ಹೇಳಿದರು, ಬೆವರು ಒರೆಸಿಕೊಂಡರು. "ಕೊಟ್ಟಿಗೆ ಮುಚ್ಚೋಕೆ ಒಪ್ಪಿಗೆ ಇರೋರು ಎದ್ದು ನಿಲ್ಲಿ."

ಯಾರೂ ಏಳಲಿಲ್ಲ. ಒಂದು ಕುರ್ಚಿಯೂ ಕಿರ್ ಅನ್ನಲಿಲ್ಲ. ದರ್ಜಿ ತಲೆ ತಗ್ಗಿಸಿ ತನ್ನ ಕುರ್ಚಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಿದ್ದ. ಗೆದ್ದೆವು ಅಂದುಕೊಂಡೆ.

ಆಗ ನನ್ನ ಪಕ್ಕದಲ್ಲಿ ರಟ್ಟಿನ ಕಾಲಿನ ಕುರ್ಚಿ ಅಲ್ಲಾಡಿತು. ಅತ್ತೆ ಎದ್ದು ನಿಂತಿದ್ದಳು. ಮೊಳೆಗಳನ್ನು ತೆಗೆದು ಅಂಗೈಯಲ್ಲಿಟ್ಟುಕೊಂಡಳು.

"ಏನ್ ದಾಕ್ಷಿಣ್ಯ ನಿಮ್ದು! ಕುರ್ಚಿ ಇಲ್ದಿದ್ರೆ ನೆಲದ ಮೇಲೆ ಕೂರ್ಬಹುದು. ಸೂರಿಲ್ದಿದ್ರೆ ಎಲ್ಲಿ ಕೂರ್ತೀರಿ, ನನ್ ತಲೆ ಮೇಲಾ? ಲೋ ದರ್ಜಿ, ಮಗೂನ ಮೇಜಿನ ಕೆಳಗೆ ಮಲಗಿಸ್ತೀಯಲ್ಲೋ, ಅದಕ್ಕೇನೋ ನಾನು ಮೇಜು ಕೊಟ್ಟಿದ್ದು? ಏಳೋ ಮೇಲೆ!"

ದರ್ಜಿ ಅಳುತ್ತಾ ಎದ್ದ. ಅವನ ಹೆಂಡತಿ ಎದ್ದಳು. ಆಮೇಲೆ ಅಲ್ಲೊಬ್ಬರು ಇಲ್ಲೊಬ್ಬರು, ಕೊನೆಗೆ ಸಭೆಗೆ ಸಭೆಯೇ ನಿಂತಿತು. ನಾನೊಬ್ಬಳೇ ಕೂತಿದ್ದೆ. ಮೈಯೆಲ್ಲ ಉರಿಯುತ್ತಿತ್ತು. ಮಾತು ಕೊಟ್ಟವಳು ಇವಳೇ, ಕಿತ್ತುಕೊಂಡವಳೂ ಇವಳೇ. ಈಗ ನನಗೂ ಏಳೆನ್ನುತ್ತಾಳೆ, ಅಂದರೂ ನಾನು ಏಳುವುದಿಲ್ಲ ಅಂತ ಹಲ್ಲು ಕಚ್ಚಿ ಕಾದೆ.

"ಹಾಗಾದ್ರೆ ಎಲ್ಲರೂ ಒಪ್ಪಿದ್ದೀರಿ" ಎಂದರು ಅಂಚೆಯಣ್ಣ.

"ಎಲ್ಲರೂ ಅನ್ಬೇಡ" ಎಂದಳು ಅತ್ತೆ. ಅವಳ ಕೈ ನನ್ನ ಭುಜವನ್ನು ಗಟ್ಟಿಯಾಗಿ ಒತ್ತಿ ಕೂರಿಸಿತ್ತು. "ನೋಡು, ಇವಳು ಎದ್ದಿಲ್ಲ. ಒಬ್ಬಳು ಕೂತಿದ್ದಾಳೆ ಅಂತ ಜ್ಞಾಪಕ ಇಟ್ಕೋ."

ಮನೆಗಳ ಸೂರು ರಿಪೇರಿಯಾಯಿತು. ಕೊಟ್ಟಿಗೆಗೆ ಸಿಮೆಂಟ್ ಮೂಟೆ ಬಂತು. ನಾನು ಪಟ್ಟಣದ ಅಂಗಡಿಯೊಂದರಲ್ಲಿ ಪೊಟ್ಟಣ ಕಟ್ಟುವ ಕೆಲಸಕ್ಕೆ ಸೇರಿ, ಅತ್ತೆಯ ಎದುರು ಬಹಳ ದಿನ ಮುಖ ಊದಿಸಿಕೊಂಡೇ ಇದ್ದೆ. ಅವಳು ಚೀಲ ಹೆಗಲಿಗೆ ಹಾಕಿಕೊಂಡು ದಿಣ್ಣೆ ದಿಣ್ಣೆ ಸುತ್ತಿ, ಜನರ ಹೊಸ್ತಿಲಲ್ಲೇ ಕೂತು ರಿಪೇರಿ ಮಾಡಿದಳು. ಒಂದು ಸಂಜೆ ನಮ್ಮ ಮನೆಗೂ ಬಂದು, ಯಾರೂ ಕರೆಯದಿದ್ದರೂ ನಮ್ಮ ಬೀರುವಿನ ಬಾಗಿಲು ಸರಿ ಮಾಡಿದಳು. ನಾನು ಚಹಾ ಕೊಟ್ಟೆ. ಕುಡಿಯಲು ಮೊಳೆ ತೆಗೆದಳು. ಅಲ್ಲಿಗೆ ನಮ್ಮ ಜಗಳ ಮುಗಿಯಿತು. ಕೈ ನಡುಗಲು ಶುರುವಾಗುವ ಮೊದಲೇ ಒಂದು ದಿನ ನಿದ್ದೆಯಲ್ಲೇ ಹೋಗಿಬಿಟ್ಟಳು. ರಟ್ಟಿನ ಕಾಲಿನ ಕುರ್ಚಿಯನ್ನೂ ಅವಳ ಚೀಲವನ್ನೂ ನಾನು ಮನೆಗೆ ತಂದೆ.

ಮುಂದೆ ಸಿಮೆಂಟಿನವರು ಹೆದ್ದಾರಿಯ ಪಕ್ಕ ಸ್ವಂತ ಗೋದಾಮು ಕಟ್ಟಿಕೊಂಡು ಶೆಡ್ಡು ಬಿಟ್ಟರು. ಆ ಹೊತ್ತಿಗೆ ಪ್ಲಾಸ್ಟಿಕ್ ಕುರ್ಚಿಗಳೆಲ್ಲ ಬಿಸಿಲಿಗೆ ಬಿರುಕು ಬಿಟ್ಟು ಹಿತ್ತಿಲು ಸೇರಿದ್ದವು. ವರ್ಷದ ಸಭೆಯಲ್ಲಿ ಶೆಡ್ಡನ್ನು ಏನು ಮಾಡೋಣವೆಂಬ ಮಾತು ಬಂತು. ಅಂಚೆಯಣ್ಣನಿಗೆ ವಯಸ್ಸಾಗಿತ್ತು, ಹೆಸರುಗಳು ಮರೆತು ಹೋಗುತ್ತಿದ್ದವು. ಅವರು ಕೋಲೂರಿ ಎದ್ದು ಸುತ್ತಲೂ ಹುಡುಕಿದರು.

"ಅವತ್ತು ಒಬ್ಬಳು ಕೂತೇ ಇದ್ದಳಲ್ಲ, ಅವಳೆಲ್ಲಿ?"

ಸಭೆ ನನ್ನ ಕಡೆ ತಿರುಗಿತು. ನಾನು ಅತ್ತೆಯ ಕುರ್ಚಿಯ ಮೇಲೇ ಕೂತಿದ್ದೆ. ಬೀಗದ ಕೈ ಕೈಯಿಂದ ಕೈಗೆ ದಾಟಿ ನನ್ನ ಮಡಿಲಿಗೆ ಬಂತು. ಅತ್ತೆ ಇರಬೇಕಿತ್ತು ಅನ್ನಿಸಿತು.

ಮರುದಿನ ಬೆಳಗ್ಗೆ ಕೊಟ್ಟಿಗೆಯ ಬಾಗಿಲು ತೆರೆದೆ. ಸಿಮೆಂಟಿನ ಧೂಳಷ್ಟೇ, ಹಳೆಯ ವಾಸನೆ ಎಲ್ಲೂ ಇಲ್ಲ. ಹಿಂದೆಯೇ ದರ್ಜಿಯೂ ನಾಲ್ಕಾರು ಹೆಂಗಸರೂ ಬಂದು, ನಾನು ಏನು ಹೇಳುತ್ತೇನೋ ಎಂದು ನನ್ನ ಮುಖವನ್ನೇ ನೋಡುತ್ತಾ ನಿಂತರು. ನಾನು ಅತ್ತೆಯ ಚೀಲಕ್ಕೆ ಕೈ ಹಾಕಿ ಎರಡು ಮೊಳೆ ತೆಗೆದು ತುಟಿಗಳ ನಡುವೆ ಕಚ್ಚಿಕೊಂಡೆ. ಬಾಯಲ್ಲಿ ಮೊಳೆ ಇದ್ದರೆ ತುಟಿ ನಡುಗುವ ಹಾಗಿಲ್ಲ, ಅಳುವ ಹಾಗಿಲ್ಲ. ಮಾವ ಹೋದ ವರ್ಷದಿಂದ ಅತ್ತೆ ಅವನ್ನು ಯಾಕೆ ಉಗುಳಲಿಲ್ಲ ಎಂಬುದು ನನಗೆ ಆಗ ಗೊತ್ತಾಯಿತು.