ಅಣ್ಣನ ಹೆಸರಿಗೆ ಬಂದ ಬಂದೂಕು

ಆಗಿನ್ನೂ ಔರಂಗಾಬಾದಿನ ಬೇಗಂಪುರದಾಚೆ, ಮಕಬರಾ ಎಂಬ ದೊಡ್ಡ ಗೋರಿಯ ಹಿಂದಿನ ಗುಡ್ಡದವರೆಗೆ ಒಂದು ಮನೆಯೂ ಇರಲಿಲ್ಲ. ನಾಸಿಕದಿಂದ ಔರಂಗಾಬಾದಿಗೆ ಬರುವವರು ಮನ್ಮಾಡಿನಲ್ಲಿ ಇಳಿದು ಸಣ್ಣ ಹಳಿಯ ರೈಲುಗಾಡಿ ಹತ್ತಬೇಕಿತ್ತು. ಆ ಗಾಡಿಯಲ್ಲಿ ಬಂದು, ಸ್ಟೇಷನ್ನಿನಿಂದ ಟಾಂಗಾ ಮಾಡಿಕೊಂಡು, ಶ್ರಾವಣ ಮುಗಿದ ಮೇಲೆ ಒಂದು ಮಧ್ಯಾಹ್ನ ಕಾಕಾ ನಮ್ಮ ಮನೆಗೆ ಬಂದರು. ಒಂದು ಕೈಯಲ್ಲಿ ಎಂದಿನಂತೆ ನಾಸಿಕದ ಚಿವಡಾ. ಇನ್ನೊಂದು ಕೈಯಲ್ಲಿ ಹಳೆಯ ಚಾದರದಲ್ಲಿ ಸುತ್ತಿ ಸುತಳಿಯಿಂದ ಬಿಗಿದ ಉದ್ದನೆಯ ಗಂಟು. ನನಗಾಗ ಹನ್ನೊಂದು ವರ್ಷ. ಅಣ್ಣ ತೀರಿಕೊಂಡು ಎರಡು ತಿಂಗಳಾಗಿತ್ತು.

ನಾವು ಬೀದರ ಕಡೆಯ ಭಾಲ್ಕಿಯವರು. ಅಪ್ಪ ಹೈದರಾಬಾದ್ ರಾಜ್ಯ ಇದ್ದಾಗಲೇ ಓವರ್ಸಿಯರ್ ನೌಕರಿಗೆ ಸೇರಿದ್ದರು. ರಾಜ್ಯಗಳು ಬೇರೆಯಾದಾಗ ನಮ್ಮೂರು ಮೈಸೂರಿಗೆ ಹೋಯಿತು, ಅಪ್ಪನ ನೌಕರಿ ಔರಂಗಾಬಾದಿನಲ್ಲೇ ಉಳಿಯಿತು. ಮನೆಯಲ್ಲಿ ಕನ್ನಡ, ಗಲ್ಲಿಯಲ್ಲಿ ಮರಾಠಿ, ಅಂಗಡಿಯಲ್ಲಿ ಉರ್ದು ಬೆರೆತ ಹಿಂದಿ. ಕಾಕಾ ಅಂದರೆ ಅಪ್ಪನ ತಮ್ಮ. ನಾಸಿಕದ ಪಂಚವಟಿಯಲ್ಲಿ ಹಿತ್ತಾಳೆ ಪಾತ್ರೆಗಳ ಅಂಗಡಿ ಇಟ್ಟಿದ್ದರು. ಹಿಂದಿನ ವರ್ಷ ಸೂಟಿಗೆ ಅವರ ಮನೆಗೆ ಹೋದಾಗ ಅಲ್ಲಿಯ ಪೇಟೆಯ ಒಂದು ಅಂಗಡಿಯಲ್ಲಿ ಅಣ್ಣ ಒಂದು ಏರ್‌ಗನ್ ನೋಡಿದ್ದ. ಮಕ್ಕಳು ಜಾತ್ರೆಯಲ್ಲಿ ಪುಗ್ಗೆ ಒಡೆಯುವಂಥದ್ದಲ್ಲ. ದೊಡ್ಡದು, ಭಾರದ್ದು, ಹೊಸದಾಗಿ ಬಂದದ್ದು. ಅಂಗಡಿಯವನು ಅದನ್ನು ಒಮ್ಮೆ ಅವನ ಕೈಗೆ ಕೊಟ್ಟು ವಾಪಸ್ ತೆಗೆದುಕೊಂಡಿದ್ದ. ಅಷ್ಟೇ ಸಾಕಾಯಿತು.

"ಅಪ್ಪಾ, ಅದು ಸಾದಾ ಏರ್‌ಗನ್ ಅಲ್ಲ. ಲೋಖಂಡಕ್ಕ ಸುದ್ದಾ, ಗಟ್ಟಿ ಕಬ್ಬಿಣಕ್ಕ ಸುದ್ದಾ ತೂತು ಬೀಳ್ತದಂತ."

"ಯಾರ್ ಹೇಳ್ಯಾರ?"

"ದುಕಾನ್‌ದಾರ ಹೇಳ್ಯಾನ."

"ಮಾರೋನು ಹಂಗೇ ಹೇಳ್ತಾನ. ಮ್ಯಾಟ್ರಿಕ್ ಫಸ್ಟ್ ಕ್ಲಾಸ್ ಮಾಡು, ಆಮ್ಯಾಲ ನೋಡೋಣಂತ."

ಅಣ್ಣನ ಹೆಸರು ಸಿದ್ಧರಾಮ. ಓದಿನಲ್ಲಿ ಅಷ್ಟಕ್ಕಷ್ಟೇ ಇದ್ದವನು ಆ ವರ್ಷ ಮಾಳಿಗೆಯ ಮೇಲೆ ಚಾಪೆ ಹಾಸಿಕೊಂಡು ಕೂತು ಓದಿದ. ಫಸ್ಟ್ ಕ್ಲಾಸ್ ಬಂತು. ಅಪ್ಪ ಅದೇ ದಿನ ಕಾಕಾಗೆ ಕಾಗದ ಹಾಕಿದರು. ಅಂಗಡಿಯಲ್ಲಿದ್ದದ್ದು ಮಾರಾಟವಾಗಿ ಹೋಗಿತ್ತು. ಮುಂಬಯಿಯಿಂದ ತರಿಸಬೇಕು, ತಡವಾಗುತ್ತದೆ ಎಂದು ಉತ್ತರ ಬಂತು. ಅಪ್ಪ ಆಗಲಿ ಎಂದರು.

ಅದಾದ ವಾರಕ್ಕೆ ಅಣ್ಣ ಒಂದು ಅರ್ಧ ಕಟ್ಟಿದ ಮನೆಯಲ್ಲಿ ಗೆಳೆಯರ ಜೊತೆ ಆಡುತ್ತ ಹಲಗೆಯಲ್ಲಿದ್ದ ಮೊಳೆ ತುಳಿದ. ಅವ್ವ ದವಾಖಾನೆಗೆ ಹೋಗೋಣ ಎಂದಳು. ಅಪ್ಪ ಕಾಲು ಎತ್ತಿ ನೋಡಿ, "ಏನಿಲ್ಲ, ಅರಿಶಿಣ ಎಣ್ಣಿ ಹಚ್ಚು, ನಾಳಿಗಿ ಆರಾಮ ಆಗ್ತಾನ" ಎಂದರು. ಮರುದಿನ ಆರಾಮವೂ ಆದ. ಎಂಟನೆಯ ದಿನ ಬೆಳಿಗ್ಗೆ ರೊಟ್ಟಿ ತಿನ್ನಲು ಕೂತವನಿಗೆ ಬಾಯಿ ತೆರೆಯಲು ಆಗಲಿಲ್ಲ. ಧನುರ್ವಾಯು ಎಂದರು. ದವಾಖಾನೆಯಲ್ಲಿ ಮೂರು ದಿನ ಇದ್ದ. ನನ್ನನ್ನು ಒಳಗೆ ಬಿಡಲಿಲ್ಲ.

ಬಂದೂಕಿಗೆ ಹೇಳಿಟ್ಟದ್ದು ಯಾರಿಗೂ ನೆನಪಿರಲಿಲ್ಲ.

ಕಾಕಾ ಆ ಗಂಟನ್ನು ಪಡಸಾಲೆಯಲ್ಲಿ ಗೋಡೆಗೆ ಆನಿಸಿ ನಿಲ್ಲಿಸಿದರು. ನೀರು ಕುಡಿದರು. ಆಮೇಲೆ ನೆಲ ನೋಡುತ್ತ ಅಪ್ಪನಿಗೆ ಹೇಳಿದರು, "ಅಣ್ಣಾ, ದುಕಾನ್‌ದವ ಹೇಳಿ ಕಳಿಸಿದ, ಮಾಲು ಬಂದದ ಅಂತ. ಬ್ಯಾಡ ಅನ್ಲಿಕ್ಕ ನನಗ ಬಾಯಿ ಬರ್ಲಿಲ್ಲ. ತಂದೀನಿ. ತಪ್ಪಾಗಿದ್ರ ವಾಪಸ್ ಒಯ್ತೀನಿ."

"ಇರ್ಲಿ ಬಿಡು," ಎಂದರು ಅಪ್ಪ.

ಅವ್ವ ಅಡಿಗೆಮನೆಯ ಬಾಗಿಲಲ್ಲಿ ನಿಂತು ನೋಡಿದಳು. ಗಂಟಿನಲ್ಲಿ ಏನಿದೆ ಎಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. "ಶಾಂತಾ, ಅದು ಒಳಗ ಬರಬಾರ್ದು ಅಂತ ನಿಮ್ಮಪ್ಪಗ ಹೇಳು," ಎಂದಳು. ಅಪ್ಪ ಅವಳಿಂದ ನಾಲ್ಕು ಹೆಜ್ಜೆ ದೂರದಲ್ಲಿ ಕೂತಿದ್ದರು. ಅಣ್ಣ ಹೋದ ದಿನದಿಂದ ಅವಳು ಅಪ್ಪನ ಜೊತೆ ಮಾತು ಬಿಟ್ಟಿದ್ದಳು. ಜಗಳವಿಲ್ಲ, ಅಳುವಿಲ್ಲ. ಹೊತ್ತಿಗೆ ಸರಿಯಾಗಿ ತಾಟು ಹಾಕುತ್ತಿದ್ದಳು, ಅವರ ಅಂಗಿ ಒಗೆದು ಮಡಚಿ ಇಡುತ್ತಿದ್ದಳು. ಹೇಳುವುದೇನಾದರೂ ಇದ್ದರೆ ನನ್ನ ಮೂಲಕ ಹೇಳುತ್ತಿದ್ದಳು. ನಾನು ಅಪ್ಪನ ಕಡೆ ತಿರುಗಿ, "ಅದು ಒಳಗ ಬರಬಾರ್ದಂತ," ಎಂದೆ. ಅಪ್ಪ ಅದನ್ನೆತ್ತಿಕೊಂಡು ಹೋಗಿ ಹೊರಗೆ ಸೈಕಲ್ ನಿಲ್ಲಿಸುವ ಕೋಣೆಯಲ್ಲಿ ಇಟ್ಟರು.

ಕಾಕಾ ಮರುದಿನವೇ ಹೋದರು. ಮುಂದಿನ ಆದಿತ್ಯವಾರ ಬೆಳಿಗ್ಗೆ ಅಪ್ಪ ಸುತಳಿ ಬಿಚ್ಚಿದರು. ಚಾದರದೊಳಗೆ ಖಾಕಿ ಕಾಗದ, ಕಾಗದದೊಳಗೆ ಎಣ್ಣೆ ಸವರಿದ ಕರಿಯ ನಳಿಗೆ, ಮಿರುಗುವ ಕಂದು ಮರ. ಒಂದು ದುಂಡನೆಯ ತಗಡಿನ ಡಬ್ಬಿಯಲ್ಲಿ ಛರ್ರೆಗಳು, ನಡು ಸಣ್ಣಗಾದ ಸೀಸದ ಚೂರುಗಳು, ಡಮರುವಿನ ಹಾಗೆ. ಅಪ್ಪ ಅದನ್ನು ಬಹಳ ಹೊತ್ತು ನೋಡಿದರು. ಆಮೇಲೆ ಚಪ್ಪಲಿ ಮೆಟ್ಟಿದರು.

"ನಡಿ ಶಾಂತಾ."

ನಾನು ಅವರ ಹಿಂದೆ ಹೊರಟೆ.

ಮಕಬರಾದ ಹಿಂಗೋಡೆ ದಾಟಿ, ಹಳ್ಳ ದಾಟಿ, ಸೀತಾಫಲದ ಗಿಡಗಳ ನಡುವೆ ಹೋದರೆ ಗುಡ್ಡದ ಬುಡದಲ್ಲಿ ಮಣ್ಣಿನ ಒಡ್ಡು ಇತ್ತು. ಅಪ್ಪ ಅದರ ಮುಂದೆ ಒಂದು ಖಾಲಿ ಡಾಲ್ಡಾ ಡಬ್ಬಿ ಇಟ್ಟು, ಹೆಜ್ಜೆ ಎಣಿಸುತ್ತ ಹಿಂದೆ ಬಂದರು. ಬಂದೂಕನ್ನು ಮೊಣಕಾಲಿಗೆ ಒತ್ತಿ ನಳಿಗೆ ಬಾಗಿಸಿದರು. ಅದರ ಸ್ಪ್ರಿಂಗು ಅಷ್ಟು ಬಿಗಿ. ನನ್ನ ಇಡೀ ಮೈಭಾರ ಹಾಕಿದರೂ ಬಾಗುತ್ತಿರಲಿಲ್ಲ. ಅವರು ಹೊಡೆದ ಮೊದಲ ಗುಂಡಿಗೆ ನಳಿಗೆಯಿಂದ ಸಣ್ಣ ಹೊಗೆ ಬಂತು, ಸುಟ್ಟ ಎಣ್ಣೆಯ ವಾಸನೆ ಬಂತು. ಡಬ್ಬಿ ಅಲುಗಲೂ ಇಲ್ಲ. ಗುರಿ ತಪ್ಪಿತು ಎಂದುಕೊಂಡು ಹತ್ತಿರ ಹೋದರೆ ಮುಂದೊಂದು ತೂತು, ಹಿಂದೊಂದು ತೂತು. ಛರ್ರೆ ಎರಡೂ ಕಡೆ ತೂರಿ ಮಣ್ಣು ಹೊಕ್ಕಿತ್ತು.

ಅಪ್ಪ ಜೇಬಿನಿಂದ ಅಳತೆಪಟ್ಟಿ ತೆಗೆದು ತೂತು ಅಳೆದರು. ಅವರ ಕೆಲಸವೇ ಅಳೆಯುವುದು. ಮುಂದಿನ ವಾರ ಬೇವಿನ ಹಲಗೆ ತಂದರು. ಅದರ ಮುಂದಿನ ವಾರ ಸಾಗುವಾನಿ. ಛರ್ರೆ ಎಷ್ಟು ಒಳಗೆ ಹೋಗಿದೆ ಎಂದು ಕಡ್ಡಿ ಹಾಕಿ ನೋಡಿ, "ಬೇವಿನಾಗ ಐದು ಸೂತು" ಎನ್ನುತ್ತಿದ್ದರು. ಸೂತು ಎಂದರೆ ಇಂಚಿನ ಎಂಟರಲ್ಲಿ ಒಂದು ಪಾಲು. ಬಡಗಿಗಳ, ಓವರ್ಸಿಯರುಗಳ ಮಾತು. ನನಗೂ ಹೊಡೆಯಲು ಕಲಿಸಿದರು. ಅವರು ನಳಿಗೆ ಬಾಗಿಸಿ ಛರ್ರೆ ತುಂಬಿ ಕೊಡುವುದು, ನಾನು ಹೊಟ್ಟೆಯ ಮೇಲೆ ಮಲಗಿ ಕಲ್ಲಿನ ಮೇಲೆ ಬಂದೂಕು ಇಟ್ಟು ಹೊಡೆಯುವುದು.

"ಉಸಿರು ಬಿಡು. ಪೂರಾ ಬಿಟ್ಟ ಮ್ಯಾಲ ಬೆರಳಿಲೆ ಕುದುರಿ ಎಳಿ. ಜಗ್ಗಬ್ಯಾಡ, ಒತ್ತು."

ನನಗೆ ಗುರಿ ಬಂತು. ಮೂರನೆಯ ವಾರಕ್ಕೆ ಇಪ್ಪತ್ತೈದು ಹೆಜ್ಜೆಯಿಂದ ಬೆಂಕಿಪೆಟ್ಟಿಗೆಗೆ ಹೊಡೆದೆ. ಅಪ್ಪ "ಹೂಂ" ಎಂದರು. ನನಗೆ ಖುಷಿಯಾಗಲಿಲ್ಲ. ಇದು ಅಣ್ಣನದು, ನಾನು ಮುಟ್ಟಬಾರದು ಎಂದೂ ಅನ್ನಿಸಲಿಲ್ಲ. ಆ ದಿನಗಳಲ್ಲಿ ನನಗೆ ಏನೂ ಅನ್ನಿಸುತ್ತಿರಲಿಲ್ಲ. ಶಾಲೆಯಲ್ಲಿ ಟೀಚರು ತಲೆ ಸವರಿದರೆ ಯಾರದೋ ತಲೆ ಸವರಿದ ಹಾಗೆ ಇರುತ್ತಿತ್ತು. ಆದಿತ್ಯವಾರ ಬಂದರೆ ಮಾತ್ರ ಬೇಗ ಎಚ್ಚರವಾಗುತ್ತಿತ್ತು. ಅಪ್ಪ ವಾರದಲ್ಲಿ ಮಾತಾಡುತ್ತಿದ್ದದ್ದು ಆ ಒಡ್ಡಿನ ಮುಂದೆ ಮಾತ್ರ, ಅದೂ ಸೂತು, ಹೆಜ್ಜೆ, ಗಾಳಿಯ ಬಗ್ಗೆ.

ಒಮ್ಮೆ ಅಣ್ಣನ ಗೆಳೆಯ ಅನ್ವರ್ ಹಳ್ಳದ ಹತ್ತಿರ ಸಿಕ್ಕಿದ. ಅಣ್ಣ ಮೊಳೆ ತುಳಿದ ದಿನ ಅವನೂ ಜೊತೆಗಿದ್ದ. ನಮ್ಮ ಹಿಂದೆ ಬಂದು ನಿಂತಿದ್ದವನು, "ಚಾಚಾ, ಏಕ್ ಬಾರ್ ಹಾಥ್ ಮೇ ಲೂಂ?" ಎಂದ. ಅಪ್ಪ ಬಂದೂಕನ್ನು ಅವನ ಕೈಗೆ ಕೊಟ್ಟರು. ಭುಜಕ್ಕೆ ಆನಿಸಿಕೊಂಡು ಒಂದು ಕಣ್ಣು ಮುಚ್ಚಿದ. ಹಾಗೇ ಸ್ವಲ್ಪ ಹೊತ್ತು ಇದ್ದು, ಹೊಡೆಯದೆ ಅಪ್ಪನ ಕೈಗೆ ಕೊಟ್ಟು ಹೋದ. ಮತ್ತೆ ಬರಲಿಲ್ಲ.

ದಸರೆ ಮುಗಿದು ಸೀತಾಫಲ ಹಣ್ಣಾಗಲು ಕಣ್ಣು ಬಿಡುತ್ತಿದ್ದ ಕಾಲ. ಅಪ್ಪ ಕೆಲಸದ ಜಾಗದಿಂದ ಅಂಗೈಯಗಲದ ಒಂದು ಕಬ್ಬಿಣದ ತುಂಡು ತಂದಿದ್ದರು. ದಪ್ಪ ಒಂದು ಸೂತು. ಅದನ್ನು ಒಡ್ಡಿಗೆ ಒರಗಿಸಿ ಹಿಂದೆ ಮಣ್ಣು ಒತ್ತಿದರು.

"ಲೋಖಂಡ ಅಂದಿದ್ದ ಅಂವ," ಎಂದರು. ಅಣ್ಣನ ಮಾತು ಅವರು ತೆಗೆದದ್ದು ಅದೇ ಮೊದಲು. "ನೋಡೇ ಬಿಡೋಣು."

ನಾನು ಮಲಗಿದೆ. ಯಾವತ್ತೂ ನನ್ನ ಹಿಂದೆ ನಿಲ್ಲುವವರು ಅವತ್ತು ಛರ್ರೆ ತಾಗುವುದನ್ನು ನೋಡಬೇಕೆಂದು ಒಂದು ಬದಿಗೆ, ಮುಂದೆ ಹೋಗಿ ನಿಂತರು. ನಾನು ಉಸಿರು ಬಿಟ್ಟೆ, ಕುದುರೆ ಒತ್ತಿದೆ. ಠಣ್ ಎಂದಿತು. ಅಪ್ಪ ಕೈಯನ್ನು ಮುಖಕ್ಕೆ ಒಯ್ದು ಅಲ್ಲೇ ಕುಕ್ಕರಿಸಿದರು.

ಬೆರಳ ಸಂದಿಯಿಂದ ರಕ್ತ ಬಂದು ಅಂಗಿಯ ಮೇಲೆ ಬೀಳುತ್ತಿತ್ತು. ನಾನು ಮಲಗಿದಲ್ಲಿಯೇ ಇದ್ದೆ. ಅಪ್ಪನನ್ನು ಕೊಂದೆ ಎಂದು ಗೊತ್ತಾಯಿತು. ಹೊರಗೆ ಮಳೆ ಬಂತು ಎಂದು ಗೊತ್ತಾಗುವಂತೆ ಗೊತ್ತಾಯಿತು, ಅಷ್ಟೇ.

"ಕಣ್ಣು ಅದ," ಎಂದರು ಅಪ್ಪ. "ಕಣ್ಣಿಗಿ ಏನೂ ಆಗಿಲ್ಲ. ಬಂದೂಕ ಕೆಳಗ ಇಡು, ಏಳು."

ಕಬ್ಬಿಣಕ್ಕೆ ಬಡಿದು ವಾಪಸ್ ಚಿಮ್ಮಿದ ಛರ್ರೆಗೆ ಹುಬ್ಬು ಸೀಳಿತ್ತು. ಧೋತರದ ತುದಿ ಒತ್ತಿಕೊಂಡು ಎದ್ದವರು ಮೊದಲು ಹೋಗಿ ಆ ತುಂಡು ಎತ್ತಿ ನೋಡಿದರು. ನಡುವೆ ಬೂದು ಬಣ್ಣದ ಒಂದು ಚುಕ್ಕೆ, ಉಗುರಿನಿಂದ ಕೆರೆದರೆ ಹೋಗುವಂಥದ್ದು. "ತೂತು ಬಿದ್ದಿಲ್ಲ," ಎಂದು ಅದನ್ನು ಅಲ್ಲೇ ಒಗೆದರು. ದಾರಿಯುದ್ದಕ್ಕೂ ಬಂದೂಕು ನಾನೇ ಹೊತ್ತೆ.

ಮನೆಗೆ ಬಂದಾಗ ಅವ್ವ ರೊಟ್ಟಿ ಬಡಿಯುತ್ತಿದ್ದಳು. ತಲೆಯೆತ್ತಿದವಳು ಅಪ್ಪನ ಮುಖ ನೋಡಿದಳು, ಅಂಗಿ ನೋಡಿದಳು. ಅವಳ ಕೈ ಹಿಟ್ಟಿನ ಮೇಲೆಯೇ ನಿಂತಿತು.

"ಏನಿಲ್ಲ, ಸಣ್ಣ ಗಾಯ," ಎಂದರು ಅಪ್ಪ. "ತೊಳಕೊಂಡು ಒಂದೀಟು ಅರಿಶಿಣ..."

"ಅರಿಶಿಣ ಅನಬ್ಯಾಡ್ರಿ," ಎಂದಳು ಅವ್ವ.

ಅವಳು ನನ್ನ ಕಡೆ ನೋಡಿ ಹೇಳಲಿಲ್ಲ. ಅಪ್ಪನ ಮುಖ ನೋಡಿ ಹೇಳಿದಳು. ದನಿ ಎತ್ತರಿಸಲೂ ಇಲ್ಲ.

"ಸೂಜಿ ಮಾಡಿಸ್ಕೊಳ್ರಿ. ಈಗೇ. ಏಳ್ರಿ, ನಾನು ಬರ್ತೀನಿ."

ಕೈಗೆ ಮೆತ್ತಿದ ಜೋಳದ ಹಿಟ್ಟು ತೊಳೆಯಲಿಲ್ಲ, ಚಪ್ಪಲಿ ಹಾಕಲಿಲ್ಲ. ಅಪ್ಪನ ರಟ್ಟೆ ಹಿಡಿದುಕೊಂಡು ಗಲ್ಲಿಯ ತುದಿಯವರೆಗೆ ನಡೆದು ಟಾಂಗಾ ಹತ್ತಿದಳು. ನಾನು ಒಲೆಯಿಂದ ಕಟ್ಟಿಗೆ ಹಿಂದಕ್ಕೆಳೆದೆ. ಹಂಚಿನ ಮೇಲಿನ ರೊಟ್ಟಿ ಕರಿಯಾಗಿತ್ತು. ಅವರು ಬರುವವರೆಗೆ ಅಲ್ಲೇ ಕೂತಿದ್ದೆ. ಅಪ್ಪನ ಬಾಯಿಯೂ ತೆರೆಯದಂತಾದರೆ ಅದು ನಾನು ಮಾಡಿದ್ದು ಎಂದು ಯೋಚಿಸುತ್ತಿದ್ದೆ. ಗೋಡೆಯ ಕನ್ನಡಿಯ ಮುಂದೆ ನಿಂತು ನನ್ನ ಬಾಯಿ ತೆರೆದು ಮುಚ್ಚಿ ನೋಡಿಕೊಂಡೆ.

ಹುಬ್ಬಿಗೆ ಮೂರು ಹೊಲಿಗೆ, ತೋಳಿಗೆ ಸೂಜಿ. ಮರುದಿನ ಬೆಳಿಗ್ಗೆ ಅಪ್ಪ ಮುಖ ತೊಳೆದು ಬಂದಾಗ ಅವ್ವ ಎದುರಿಗೆ ನಿಂತು, "ಬಾಯಿ ತೆಗೀರಿ," ಎಂದಳು. ಅಪ್ಪ ತೆರೆದರು. "ಇನ್ನೂ." ಇನ್ನೂ ತೆರೆದರು. ಅವ್ವ ನೋಡಿ, ಚಹಾ ತರಲು ಹೋದಳು. ಮರುದಿನವೂ ಹಾಗೆಯೇ. ಹತ್ತು ದಿನ ಅಪ್ಪ ಸಣ್ಣ ಮಕ್ಕಳ ಹಾಗೆ ಅವಳ ಮುಂದೆ ಬಾಯಿ ತೆರೆದು ನಿಂತರು. ಹನ್ನೊಂದನೆಯ ದಿನ ಅವಳು ಕೇಳಲಿಲ್ಲ. ಅಪ್ಪ ತಾವಾಗಿಯೇ ಅವಳ ಮುಂದೆ ಬಂದು ನಿಂತು, ಬಾಯಿ ತೆರೆಯದೆ, "ಅವತ್ತು ನಿನ್ನ ಮಾತು ಕೇಳ್ಬೇಕಿತ್ತು," ಎಂದರು.

"ಹೂಂ," ಎಂದಳು ಅವ್ವ. "ಕೇಳ್ಬೇಕಿತ್ತು."

ಅಷ್ಟು ಹೇಳಿ ಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆದು ನೋಡಿದಳು. ಆಮೇಲೆ, "ಜ್ವಾಳ ಬೀಸಿಸಬೇಕು, ಹಿಟ್ಟು ತೀರ್‍ಯದ," ಎಂದಳು. ಅಪ್ಪ ಜೋಳದ ಚೀಲ ಸೈಕಲ್ಲಿಗೆ ಕಟ್ಟಿಕೊಂಡು ಗಿರಣಿಗೆ ಹೋದರು. ಅವ್ವ ಅವರನ್ನು ಕ್ಷಮಿಸಿದಳೋ ಇಲ್ಲವೋ ನನಗೆ ಇವತ್ತಿಗೂ ತಿಳಿಯದು. ಆದರೆ ಅಂದಿನಿಂದ ನಾನು ನಡುವೆ ನಿಂತು ಮಾತು ಮುಟ್ಟಿಸಬೇಕಾಗಲಿಲ್ಲ.

ದೀಪಾವಳಿಗೆ ಕಾಕಾ ಬಂದಾಗ ಅವ್ವನೇ ಸೈಕಲ್ ಕೋಣೆಗೆ ಹೋಗಿ ಬಂದೂಕು ತಂದಳು. ಅವಳು ಅದನ್ನು ಮುಟ್ಟಿದ್ದು ಅದೊಂದೇ ಸಲ. ಸೆರಗಿನಿಂದ ನಳಿಗೆಯ ಧೂಳು ಒರೆಸಿದಳು. ಅದೇ ಚಾದರದಲ್ಲಿ ಸುತ್ತಿ, ಗಂಟು ಹಾಕಿ ಕಾಕಾನ ಮುಂದೆ ಇಟ್ಟಳು.

"ಒಯ್ರಿ. ಹೊಡಿಯೋ ಹುಡುಗರು ಇದ್ದ ಮನಿಗಿ ಕೊಡ್ರಿ."

ಕಾಕಾ ಅಪ್ಪನ ಮುಖ ನೋಡಿದರು. ಅಪ್ಪ ತಲೆಯಾಡಿಸಿದರು. ಆಮೇಲೆ ಅದು ಯಾರ ಮನೆಗೆ ಹೋಯಿತು ಎಂದು ನಾವು ಕೇಳಲಿಲ್ಲ, ಕಾಕಾ ಹೇಳಲಿಲ್ಲ.

ಈಗ ಅಪ್ಪ, ಅವ್ವ, ಕಾಕಾ ಮೂವರೂ ಇಲ್ಲ. ಊರಿನ ಹೆಸರೂ ಬದಲಾಗಿದೆ. ಹೋದ ವರ್ಷ ಹೋದಾಗ ಟಿಕೆಟ್ಟಿನಲ್ಲಿ ಛತ್ರಪತಿ ಸಂಭಾಜಿನಗರ ಎಂದಿತ್ತು. ಹಳ್ಳದಾಚೆ ಸಾಲಾಗಿ ಮನೆಗಳು ಎದ್ದಿವೆ. ಒಡ್ಡು ಎಲ್ಲಿತ್ತು ಎಂದು ತೋರಿಸಲು ನನಗೆ ಆಗಲಿಲ್ಲ. ಜೊತೆಗೆ ಬಂದಿದ್ದ ಮಗಳಿಗೆ ಇಷ್ಟೆಲ್ಲ ಹೇಳಿದೆ. ಎಷ್ಟು ಹೆಜ್ಜೆ, ಎಷ್ಟು ಸೂತು, ಎಣ್ಣೆ ಸುಟ್ಟ ವಾಸನೆ, ಭುಜಕ್ಕೆ ಮರ ಒದೆಯುತ್ತಿದ್ದ ಜಾಗ, ಎಲ್ಲ ನಿನ್ನೆಯದೆಂಬಂತೆ ಹೇಳಲು ಬಂತು. ಅವಳು ಎಲ್ಲ ಕೇಳಿಸಿಕೊಂಡು, "ಸಿದ್ಧರಾಮ ಮಾಮಾ ಹ್ಯಾಂಗ ಮಾತಾಡ್ತಿದ್ರು ಅವ್ವಾ? ಅಜ್ಜನ ಹಂಗಾ, ನಿನ್ನ ಹಂಗಾ?" ಎಂದಳು.

ನಾನು ನೆನಪು ಮಾಡಿಕೊಳ್ಳಲು ನೋಡಿದೆ. ಹನ್ನೊಂದು ವರ್ಷ ಒಂದೇ ಮನೆಯಲ್ಲಿ, ಒಂದೇ ತಾಟಿನಲ್ಲಿ ಉಂಡವನ ದನಿ. ನನ್ನ ಹೆಸರು ಹಿಡಿದು ಅವನು ದಿನಕ್ಕೆ ಎಷ್ಟು ಸಲ ಕೂಗಿರಬೇಕು.

"ಗೊತ್ತಿಲ್ಲವ್ವಾ," ಎಂದೆ.